ಬುಧವಾರ, ಎಂಟೂವರೆ

ನಾಗರಬಾವಿಯ ಅಪಾರ್ಟ್‌ಮೆಂಟಿನ ನೆಲಮಾಳಿಗೆ,
ನಿಲ್ಲಿಸಿದ ಕಾರು. ಒಳಗೆ ಜಯಶೀಲರು,
ಸೀಟ್‌ಬೆಲ್ಟ್ ಬಿಗಿದುಕೊಂಡು.
ಮನೆಯಲ್ಲಿ ಚಿಲಕ ಹಾಕಿದರೆ ಯಾರೂ ಯಾಕೆನ್ನದ ಜಾಗ ಬಚ್ಚಲೊಂದೇ;
ಅಲ್ಲಿ ದನಿ ಗುಂಯ್‌ಗುಡುತ್ತದಂತೆ.

ಇತ್ತ ನಾನು, ಹನುಮಂತನಗರದಲ್ಲಿ,
ಲ್ಯಾಪ್‌ಟಾಪಿನಡಿ ಎರಡು ಅಡುಗೆ ಪುಸ್ತಕ ಇಟ್ಟು
ಕಣ್ಣಿಗೆ ಕಣ್ಣು ಸಮ ಮಾಡಿಕೊಂಡವಳು.

"ಕೇಳಿಸ್ತಿದೆಯಾ ಮೇಡಂ?"
ವಾರವಾರವೂ ಮೊದಲ ಮಾತು ಇದೇ.
ನೆಟ್‌ವರ್ಕಿನ ಪ್ರಶ್ನೆ ಅಂದುಕೊಂಡಿದ್ದೆ, ಬಹಳ ದಿನ.

ಅವರು ಅತ್ತರೆ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ.
ನೀರು ಕೊಡಲಾರೆ. ಕರವಸ್ತ್ರ ಚಾಚಲಾರೆ.
ಸುಮ್ಮನಿರುತ್ತೇನೆ, ಕರೆ ಕಡಿದಿಲ್ಲವೆಂದು ತಿಳಿಯುವಂತೆ
ಆಗಾಗ "ಹ್ಞೂಂ" ಅನ್ನುತ್ತ.

ಬೆಲ್ಟಿನ ವಿಷಯ ಕೇಳಿಲ್ಲ.
ಒಂಬತ್ತನೇ ಬುಧವಾರ, ಮಗಳ ಹೆಸರು ಬಾಯಿಗೆ ಬಂದ ಮೇಲೆ,
ಕತ್ತಲಲ್ಲೊಂದು ಸದ್ದು:
ಟಿಕ್.
ಅವರಿಗದು ಗೊತ್ತೇ ಆಗಲಿಲ್ಲ.
ಬರೆದುಕೊಂಡೆ,
ಆಮೇಲೆ ಹೊಡೆದುಹಾಕಿದೆ.