ಕೊಸರು

ನಾಲ್ಕೂವರೆಗೇ ಬೆವರು. ಇನ್ನೂ ಓಡಿಯೇ ಇಲ್ಲ.
ಮಂಗಳಾ ಸ್ಟೇಡಿಯಮ್ಮಿನ ಗೇಟಿನ ಹೊರಗೆ
ಎದೆಗೆ ನಂಬರು ಚುಚ್ಚಿಕೊಳ್ಳುತ್ತ ನಿಂತಿದ್ದೇನೆ:
ನಾಲ್ಕು ಮೂಲೆಗೆ ಮೂರೇ ಪಿನ್ನು.
ಅರ್ಧ ಅಂಕ ಕಡಿತ.

ಇಪ್ಪತ್ತಾರು ವರ್ಷ ತೂಕ-ಅಳತೆ ಇಲಾಖೆಯ ಚಾಕರಿ.
ಗದಗಿನ ಸಂತೆಯಲ್ಲಿ ನನ್ನ ಜೀಪಿನ ಸದ್ದಿಗೇ
ತಕ್ಕಡಿಗಳು ನೆಟ್ಟಗಾಗುತ್ತವೆ.
ಎರಡು ದಿನದ ತರಬೇತಿಗೆ ಇಲ್ಲಿಗೆ ಬಂದವಳು
ಭಾನುವಾರ ಖಾಲಿ ಇದೆಯೆಂದು ಹೆಸರು ಕೊಟ್ಟೆ.
ಊರು ಬೇರೆ. ಚಟ ಅದೇ.

ಆರುನೂರು ಜನಕ್ಕೆ ನಾಲ್ಕು ಶೌಚಾಲಯ,
ಒಂದರ ಚಿಲಕ ಹೊರಗಡೆ.
ಐದಕ್ಕೆ ಎಂದದ್ದು ಐದೂ ಇಪ್ಪತ್ತಕ್ಕೆ,
ಬಾವುಟ ಬೀಸುವವರ ಕಾರು ಬರಬೇಕಿತ್ತು.
ಬಂದವರು ಶಿಸ್ತಿನ ಬಗ್ಗೆ ಮಾತಾಡಿದರು.

ಲೇಡಿಹಿಲ್, ಕೊಟ್ಟಾರ ಚೌಕಿ.
ಬಯಲುಸೀಮೆಯ ಕಾಲು ನನ್ನದು.
ಈ ಊರಿಗೆ ಮಟ್ಟಸ ಇರಲು ಬರುವುದಿಲ್ಲ,
ಏರುತ್ತದೆ, ಏರಿದ್ದಕ್ಕೆ ನಾಚಿ ಇಳಿಯುತ್ತದೆ.
ಇಲ್ಲಿಯ ಗಾಳಿಯನ್ನು ಉಸಿರಾಡುವುದಲ್ಲ,
ಗಂಜಿಯ ಹಾಗೆ ಕುಡಿಯಬೇಕು.

ಕೂಳೂರು ಸೇತುವೆಯ ಮೇಲೆ ಗ್ಯಾಸ್ ಟ್ಯಾಂಕರೊಂದು
ಪಕ್ಕೆಗೆ ಉಜ್ಜಿಕೊಂಡಂತೆ ಹೋಯಿತು.
ತಡೆಯಬೇಕಾದ ಪೊಲೀಸಪ್ಪ ನಮ್ಮ ಫೋಟೋ ತೆಗೆಯುತ್ತಿದ್ದ.
ಎರಡು ಅಂಕ.
ಪಣಂಬೂರಿನಲ್ಲಿ ಹೊರಳಿದ ಮೇಲೆ
ಹದಿಮೂರನೆಯ ಕಿಲೋಮೀಟರು ಮೊದಲು ಬಂತು,
ಹನ್ನೆರಡು ಆಮೇಲೆ.
ನರ್ಸಿಂಗ್ ಓದುವ ಹುಡುಗಿಯರು ಸಾಲಾಗಿ ನಿಂತು
ಕಿತ್ತಳೆ ತೊಳೆಗೆ ಉಪ್ಪು ಸವರಿ ಬಾಯಿಗೇ ಇಟ್ಟರು.
ಇರಲಿ, ಒಂದು ವಾಪಸ್.

ಹದಿನೇಳಕ್ಕೆ ನೀರು ಮುಗಿದಿತ್ತು.
ಮೇಜು, ಮೇಜಿನ ಮೇಲೆ ಕಾಗದದ ಲೋಟಗಳ ಗೋಪುರ,
ಬೋರಲು ಬಿದ್ದ ಕ್ಯಾನು. ಯಾರೂ ಇಲ್ಲ.
ಅಲ್ಲೇ ಬಸ್ಸಿಗೆ ಕಾಯುತ್ತ, ಮೀನಿನ ಬುಟ್ಟಿ ಇಳಿಸಿ,
ಒಬ್ಬಾಕೆ ಕೂತಿದ್ದಳು.
"ನೀರ್ ಬೋಡಾ ಅಕ್ಕಾ?"
ಸೆರಗಿನಲ್ಲಿ ಒರೆಸಿ ಕೊಟ್ಟ ಬಾಟಲಿ,
ಒರೆಸಿದಷ್ಟೂ ಬಂಗುಡೆಯ ವಾಸನೆ.
ಮೀನಿನ ಹೆಸರನ್ನೂ ಎತ್ತದ ಮನೆಯವಳು ನಾನು.
ತಳ ಕಾಣುವವರೆಗೆ ಕುಡಿದೆ.

ಕುಡಿಯುತ್ತಲೇ ಕಣ್ಣು ತಕ್ಕಡಿ ಹುಡುಕಿತು.
ಇರಲಿಲ್ಲ. ಎಣಿಕೆಯ ಲೆಕ್ಕ.
ಬೆಳಗಿನ ಗಿರಾಕಿಗೆ ಹತ್ತು ಎಣಿಸಿದಳು,
ಚೀಲದ ಬಾಯಿ ಮುಚ್ಚುವ ಮೊದಲು
ಹನ್ನೊಂದನೆಯದನ್ನು ಎಸೆದಳು, ನೋಡದೆ.
ಕೊಸರು.
ನಮ್ಮ ಕಾಯ್ದೆಯಲ್ಲಿ ಕಡಿಮೆ ಕೊಟ್ಟವರಿಗೆ ದಂಡವಿದೆ.
ಇದಕ್ಕೆ ಕಲಮು ಇಲ್ಲ.

ನಾನು ತಲುಪುವಾಗ ಗಾಳಿ ಊದಿದ ಕಮಾನು
ಮುಗ್ಗರಿಸಿ ಮಲಗಿತ್ತು.
"ಪದಕ ಖಾಲಿ ಮೇಡಂ, ಕೊರಿಯರ್ ಮಾಡ್ತೇವೆ."
ಮಡಚಿಟ್ಟ ಕುರ್ಚಿಗಳ ನಡುವೆ ಮಡಚದ ಒಂದು ಕುರ್ಚಿ,
ಅದರಲ್ಲಿ ನಿವೃತ್ತ ಡ್ರಿಲ್ ಮಾಸ್ತರ್ ಗ್ರೆಗರಿ,
ಕೊರಳಲ್ಲಿ ಕೀಲಿ ಕೊಡುವ ಸ್ಟಾಪ್‌ವಾಚು.
ಮೂರು ಗಂಟೆ, ಎಂಟು ನಿಮಿಷ, ನಲವತ್ತು.
ಪೆನ್ಸಿಲಿನಲ್ಲಿ ಬರೆದು, ನನಗೆ ತೋರಿಸಿ, ಗೆರೆ ಎಳೆದರು.
"ತಿಂಡಿಗೆ ಬನ್ನಿ" ಎಂದೆ.
"ಹಿಂದೆ ಇನ್ನಿಬ್ಬರು ಉಂಟಲ್ಲ."

ನನ್ನ ಕೈಗಡಿಯಾರದ ಪ್ರಕಾರ
ಇಪ್ಪತ್ತು ಕಿಲೋಮೀಟರು, ಎಂಟುನೂರ ತೊಂಬತ್ತು ಮೀಟರು.
ಇನ್ನೂರ ಏಳು ಖೋತಾ.
ಸಂಘಟಕರಿಗೆ ಹೇಳಿದೆ. ಅವರು ನಕ್ಕರು,
"ಅಷ್ಟು ಎಡ್ಜಸ್ಟ್ ಮಾಡಿ ಮೇಡಂ."
ಈ ಮಾತನ್ನು ಎಷ್ಟು ಅಂಗಡಿಗಳಲ್ಲಿ ಕೇಳಿದ್ದೇನೆ.
ಅಭಿಪ್ರಾಯದ ಹಾಳೆ ಕೊಟ್ಟರು, ಹತ್ತಕ್ಕೆ ಎಷ್ಟು?
ಕಳೆಯುತ್ತ ಹೋದರೆ ಮೂರೂವರೆ.
ಮೀನಿನಾಕೆ ವ್ಯವಸ್ಥೆಯೊಳಗೆ ಬರುತ್ತಾಳೋ ಇಲ್ಲವೋ?
ಮಾಸ್ತರರ ಪೆನ್ಸಿಲಿಗೆ ಎಷ್ಟು?
ಹಾಳೆಯನ್ನು ಖಾಲಿ ಮಡಚಿ ಜೇಬಿಗಿಟ್ಟೆ.

ಮಧ್ಯಾಹ್ನ, ಸೆಂಟ್ರಲ್ ಸ್ಟೇಷನ್. ಗಾಡಿ ನಿಂತಿದೆ.
ಒಂದು ಬೋಗಿ ಇಪ್ಪತ್ತಮೂರು ಮೀಟರು.
ಒಂಬತ್ತು ಬೋಗಿಗೆ ಲೆಕ್ಕ ಚುಕ್ತಾ.
ಬೆನ್ನಿಗೆ ಚೀಲ, ಚೀಲದಲ್ಲಿ ಬನ್ಸಿನ ಪೊಟ್ಟಣ,
ಉರಿಯುವ ಕಾಲು. ಓಡಿದೆ.
ಕೂಲಿಯವನು ಪಕ್ಕಕ್ಕೆ ಸರಿದು ಕೂಗಿದ:
"ಗಾಡಿಗೆ ಇನ್ನೂ ಅರ್ಧ ಗಂಟೆ ಉಂಟು ಮಾರಾಯ್ರೆ!"
ಗೊತ್ತು ಎಂದೆ,
ಹತ್ತನೆಯ ಬೋಗಿಯನ್ನು ದಾಟುತ್ತ.