ನೀಲಿ ಪಟ್ಟಿಯ ಲೆಕ್ಕ

ಗೌನಿನ ಒಳ ಅಂಚಿಗೆ
ಹೊನ್ನೂರಬಿ ಒಂದು ಪಟ್ಟಿ ಹೊಲಿದಿದ್ದಾಳೆ.
ಜೀನ್ಸ್ ಕತ್ತರಿಸಿ ಉಳಿದ ತುಂಡು, ಎರಡು ಬೆರಳಗಲ,
ಮಾಸಲು ಮಗ್ಗುಲು ಮೇಲೆ.
ಒಗೆದು, ಆಟೋಕ್ಲೇವಿನ ಹಬೆಯಲ್ಲಿ ಬೇಯಿಸಿದಾಗಲೆಲ್ಲ
ಅದರ ಮೇಲೊಂದು ಗೀಟು.
ಗೀಟು ಹಾಕುವವನು ನಾನು.
ಎಪ್ಪತ್ತೈದು ಆದ ದಿನ ಗೌನಿಗೆ ನಿವೃತ್ತಿ.
ನನಗಿನ್ನೂ ಆರು ವರ್ಷ ಇದೆ.

ಮೊದಲು ಹೀಗಿರಲಿಲ್ಲ.
ಪೊಟ್ಟಣ ಹರಿ, ತೊಡು, ಬಿಚ್ಚು, ಬಿಸಾಡು.
ಒಂದು ಹೆರಿಗೆಗೆ ನಾಲ್ಕು ಗೌನು,
ಕಾಗದವೋ ಬಟ್ಟೆಯೋ ತಿಳಿಯದ ಹಸಿರು ಹಾಳೆ ಆರು.
ಹಳದಿ ಚೀಲದ ಬಾಯಿ ಕಟ್ಟಿ ಲಾರಿಗೆ ಎತ್ತುತ್ತಿದ್ದೆ.
ಲಾರಿ ಎಲ್ಲಿಗೆ ಹೋಗುತ್ತದೆಂದು ಕೇಳುವುದು
ನನ್ನ ಕೆಲಸವಲ್ಲ.

ಕೇಳದೆಯೇ ಗೊತ್ತಾಯಿತು.
ಅಕ್ಕ ಹುಲಿಗೆಮ್ಮ ಒಂದು ರಾತ್ರಿ ಫೋನು ಮಾಡಿದಳು:
"ನಿಮ್ಮ ದವಾಖಾನಿ ಹೊಗಿ
ನಮ್ಮ ಅಂಗಳಕ್ಕ ಬಂದೈತಪಾ,
ಒಣಹಾಕಿದ ಸಂಡಿಗಿ ಮ್ಯಾಲೆಲ್ಲಾ ಬೂದಿ."
ನಾನು ಏನೂ ಅನ್ನಲಿಲ್ಲ.
ಆ ವರ್ಷ ಅವಳು ಕಳಿಸಿದ ಸಂಡಿಗೆ
ಕರಿದೆವು.
ತಿನ್ನಲಿಲ್ಲ.

ಕೌಲ್ ಬಜಾರಿನ ಸಂದಿಯೊಂದರಲ್ಲಿ
ಹದಿನಾಲ್ಕು ಮಿಷನ್ನು, ಒಂಬತ್ತಕ್ಕೆ ಕೆಲಸವಿಲ್ಲ.
ಡಾಕ್ಟರಮ್ಮ ಒಂದು ಗೌನು ತಂದು ಮೇಜಿನ ಮೇಲೆ ಹರಡಿದರು.
ಹೊನ್ನೂರಬಿ ಎಳೆದಳು, ಮೂಸಿದಳು,
ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡಿದಳು:
"ಸೊಂಟ ಇಲ್ಲ, ಜೇಬಿಲ್ಲ, ಜಿಪ್ಪಿಲ್ಲ.
ಇಷ್ಟು ಸಸಾರದ ಬಟ್ಟಿ ಹೊಲಿಯಾಕ ಬರ್ದಂಗ
ಒಂದೇ ಸಲಕ್ಕ ಬಿಸಾಕ್ತೀರೇನು?"
ಡಾಕ್ಟರಮ್ಮ ನನ್ನ ಮುಖ ನೋಡಿದರು.
ನಾನು ಮಿಷನ್ನಿನ ಚಕ್ರ ನೋಡಿದೆ.

ಆದರೆ ನೀರು?
ಸ್ಟೋರಿನ ಪಂಪನಗೌಡರು ಪೆನ್ನಿಗೆ ಮುಚ್ಚಳ ಹಾಕಿದರು:
"ನಲ್ಲಿ ಬರಾದು ಎಂಟು ದಿನಕ್ಕೊಮ್ಮೆ. ಒಗೀತಾರಂತೆ."
ಅವರು ಹೇಳಿದ್ದು ಸುಳ್ಳಲ್ಲ.
ಏಪ್ರಿಲ್ಲಿನಲ್ಲಿ ಬಳ್ಳಾರಿ ಗುಡ್ಡದ ಬಂಡೆ
ರಾತ್ರಿ ಹತ್ತಕ್ಕೂ ಬಿಸಿ ಉಗುಳುತ್ತದೆ.

ಉತ್ತರ ಸಿಕ್ಕಿದ್ದು ಡಯಾಲಿಸಿಸ್ ವಾರ್ಡಿನ ಹಿಂದೆ,
ಮೋರಿಯಲ್ಲಿ.
ಸೋಸುವ ಯಂತ್ರ ಬೇಡವೆಂದು ಬಿಟ್ಟ ನೀರು,
ಯಾರ ರಕ್ತವನ್ನೂ ಮುಟ್ಟದ್ದು,
ಸ್ವಲ್ಪ ಉಪ್ಪು, ಅಷ್ಟೇ.
ಹಗಲಿಡೀ ಹರಿದು ಜಾಲಿ ಬೆಳೆಸುತ್ತಿತ್ತು.
ಮೂವತ್ತಡಿ ಪೈಪು ಸಾಕಾಯಿತು.
ಅಷ್ಟು ವರ್ಷ ನಡುವೆ ಇದ್ದದ್ದು
ಒಂದು ಗೋಡೆ, ಎರಡು ರಿಜಿಸ್ಟರು.

ಎರ್ರಿಸ್ವಾಮಿ ವಾರಕ್ಕೆ ಮೂರು ದಿನ ಅಲ್ಲಿ ಮಲಗುತ್ತಾನೆ.
ಇಪ್ಪತ್ತು ವರ್ಷ ಜೀನ್ಸ್ ಒಗೆಯುವ ಕಡೆ ದುಡಿದವನು,
ಉಗುರ ಬುಡದಲ್ಲಿ ಇನ್ನೂ ನೀಲಿ.
"ನಾವು ಹಳ್ಳಕ್ಕ ಬಿಟ್ಟದ್ದು ಎಷ್ಟೋ, ಗಾದಿಲಿಂಗಾ.
ಎಮ್ಮಿ ಮೂಸಿ ಹಿಂದಕ್ಕ ಸರಿಯಾವು."
ಈಗ ಅವನಿಗೆ ಕುಡಿಯಲು ದಿನಕ್ಕೆ ಒಂದೇ ಚೊಂಬು.
ಕಣ್ಣು ಮುಚ್ಚಿ ಕೇಳುತ್ತಾನೆ:
"ಇವತ್ತು ನನ್ನ ನೀರಾಗ ಎಷ್ಟು ಒಗದಿ?"
"ಇಪ್ಪತ್ತೆರಡು."
"ಬರಕೋ."
ಎಲ್ಲಿ ಬರೆಯಲಿ?
ಆ ಲೆಕ್ಕಕ್ಕೆ ಕಾಲಂ ಇಲ್ಲ.

ಎಲ್ಲವನ್ನೂ ಬೇಯಿಸಲಾಗುವುದಿಲ್ಲ.
ರಕ್ತ ಕುಡಿದ ಹತ್ತಿ, ಕೊಯ್ದು ತೆಗೆದ ಪ್ಲಾಸ್ಟರು,
ಹಳದಿ ಚೀಲ ಇನ್ನೂ ಲಾರಿ ಹತ್ತುತ್ತದೆ.
ದಿನಕ್ಕೆ ಹನ್ನೊಂದಿದ್ದದ್ದು ಐದು.
ಅಕ್ಕನಿಗೆ ಇನ್ನೂ ಹೇಳಿಲ್ಲ.
ಐದು ಅಂದರೆ
ಸೊನ್ನೆ ಯಾವಾಗ ಅನ್ನುವವಳು ಅವಳು.

ಇವತ್ತು ಬೆಳಿಗ್ಗೆ ಒಂದು ಗೌನಿಗೆ ಎಪ್ಪತ್ತೈದು ತುಂಬಿತು.
ಕೊನೆಯ ಗೀಟು ಯಾವ ಕೂಸಿನದೋ.
ನೆಲ ಒರೆಸಲು ಹೋಗುವ ಮೊದಲು
ಹೊನ್ನೂರಬಿ ಬ್ಲೇಡಿನಿಂದ ಪಟ್ಟಿ ಬಿಚ್ಚಿಕೊಂಡಳು.
"ಅದು ತುಂಬೈತಿ, ಏನು ಮಾಡ್ತಿ?" ಅಂದೆ.
ತಿರುಗಿಸಿ ತೋರಿಸಿದಳು:
"ಈ ಮಗ್ಗಲು ಖಾಲಿ ಐತಲ್ಲ."
"ಆ ಕಡೆ ಕಡುನೀಲಿ. ನನ್ನ ಮಸಿ ಕಾಣಂಗಿಲ್ಲ."
ದಾರ ಕಚ್ಚಿ ಹರಿದಳು.
"ಹಂಗಾರ ಬಿಳೇದು ತಾ."