ಉಪ್ಪಿನ ಹೆಪ್ಪು

ಸುಗಂಧಿಯಕ್ಕ,
ನಿಮ್ಮ ತಮ್ಮ ಹೇಗೆ ಹೋದನೆಂದು ಕೇಳಿದಿರಿ.
ಕಂಪನಿಯ ಕಾಗದ ಹೃದಯ ನಿಂತಿತು ಅನ್ನುತ್ತದೆ.
ಹೃದಯ ನಿಲ್ಲದೆ ಸತ್ತವರನ್ನು ನಾನು ಈವರೆಗೆ ಕಂಡಿಲ್ಲ.

ಈ ಊರಿನ ಹೆಸರೂ ಸಿಲಾ.
ಬಸ್ಸಿಳಿದ ದಿನವೇ ಬೋರ್ಡು ತೋರಿಸಿ ನಕ್ಕಿದ್ದ ಸೀಲ ಜತ್ತನ್ನ:
"ನೋಡು ಇದ್ದಿನಬ್ಬ, ನಾನು ಬರುವ ಮುಂಚೆಯೇ
ನನ್ನ ಹೆಸರು ಬರೆದಿಟ್ಟಿದ್ದಾರೆ."
ಒಂದು ಮಸೀದಿ, ಒಂದು ಪೆಟ್ರೋಲ್ ಬಂಕು,
ಗಡಿಗೆ ಸಾಲುಗಟ್ಟಿದ ಲಾರಿ.
ಆಚೆ ಸಬ್ಖಾ, ಕಡಲು ಒಣಗಲು ಹಾಕಿ ಮರೆತ ನೆಲ.
ಮೇಲೆ ಹಪ್ಪಳದಷ್ಟು ಉಪ್ಪು, ಕೆಳಗೆ ಕೆಸರು.

ನೀವು ಅವನ ಮೇಲೆ ಮುನಿದಿದ್ದಿರಂತೆ.
ತೊಟ್ಟಿಲ ಕೂಸಿನ ಹಣೆಗೆ
ಅಯ್ಯನವರು ಹನಿಸಿದ ನೀರು ಸಾಲದೆ
ಮೂವತ್ತೆಂಟರ ಪ್ರಾಯದಲ್ಲಿ, ಒಂದು ಶುಕ್ರವಾರ ಮುಂಜಾನೆ,
ಎದೆಮಟ್ಟ ಕಡಲಿಗಿಳಿದು ಮತ್ತೆ ಮುಳುಗೆದ್ದ.
ಆರೇ ಜನ ಅವರು. ದಡದಲ್ಲಿ ಚಪ್ಪಲಿ ಕಾಯುತ್ತಾ ನಾನು.
"ಮೊದಲನೆಯದು ಅಪ್ಪನ ಮಾತು. ಇದು ನನ್ನದು,"
ಅಂದ, ಹಲ್ಲು ಕಟಕಟಿಸುತ್ತಾ. ಜನವರಿ ಆಗ.

ನಿಮ್ಮಪ್ಪ ಹಂಚಿನ ಕಾರ್ಖಾನೆಯಲ್ಲಿ ಅಚ್ಚೊತ್ತುತ್ತಿದ್ದರಂತಲ್ಲ,
ಪ್ರತಿ ಹಂಚಿನ ಬೆನ್ನಿಗೂ ಬಾಸೆಲ್ ಅಂತ.
ಆ ಸೀಮೆಯ ಹೊಳೆಗಳಲ್ಲೇ ಒಂದು ಕಾಲಕ್ಕೆ
ಎರಡನೆಯ ಸಲ ಮಿಂದವರನ್ನು ಕೈಕಾಲು ಕಟ್ಟಿ
ಮೂರನೆಯ ಸಲ ಮುಳುಗಿಸುತ್ತಿದ್ದರಂತೆ.
ರಾತ್ರಿಪಾಳಿಯ ಗೇಟಿನಲ್ಲಿ ಸುಲೈಮಾನಿ ಕುಡಿಯುತ್ತಾ ಹೇಳುತ್ತಿದ್ದ,
ನೆರೆಮನೆಯ ಸುದ್ದಿಯ ಹಾಗೆ.
ಆಣೆ ಇಡರು, ಕತ್ತಿ ಹಿಡಿಯರು.
ನನಗೆ ನಗು ಬಂದಿತ್ತು. ನನ್ನ ಕೈಯಲ್ಲಿ ಲಾಠಿ ಇತ್ತು.

ಮೇ ತಿಂಗಳಲ್ಲಿ ಅಟ್ಟಣಿಗೆಯಿಂದ ಬಿದ್ದ
ಬಿಂದೇಸರ, ಸಿವಾನಿನ ಹುಡುಗ.
ಬೆಲ್ಟು ಕೊಟ್ಟಿದ್ದರು, ಅವನೇ ಬಿಚ್ಚಿದ
ಎಂದು ಹನ್ನೊಂದು ಮಂದಿ ಆಣೆಯಿಟ್ಟರು,
ಅವರವರ ದೇವರ ಮೇಲೆ.
ಹನ್ನೆರಡನೆಯವ ಸೀಲ.
"ಆಣೆ ಇಡುವುದಿಲ್ಲ. ಬೆಲ್ಟು ಇರಲಿಲ್ಲ."
ಪಾಸ್‌ಪೋರ್ಟು ಮೊದಲೇ ಅವರ ಕಪಾಟಿನಲ್ಲಿತ್ತು;
ಈಗ ಅವನನ್ನೂ ಉಗ್ರಾಣದಲ್ಲಿಟ್ಟರು.

ಮೂರನೇ ರಾತ್ರಿ ತಗಡು ಸರಿಸಿ ಓಡಿದ.
ಹಿಂದೆ ನಾನು: ಟಾರ್ಚು, ಬೂಟು, ತೊಂಬತ್ತು ಕಿಲೋದ ಒಡಲು.
ಅವನು ಮೂರು ದಿನ ಉಂಡಿರಲಿಲ್ಲ; ಉಪ್ಪು ಅವನನ್ನು ಹೊತ್ತಿತು.
ನನ್ನನ್ನು ಹೊರಲಿಲ್ಲ.

ಹಪ್ಪಳ ಮುರಿದ ಸದ್ದು. ಮೊಣಕಾಲು, ಸೊಂಟ, ಎದೆ.
ಕೂಗಿದ್ದು ಅಲ್ಲಾಹನನ್ನೋ ಉಮ್ಮನನ್ನೋ, ಗೊತ್ತಿಲ್ಲ;
ಅವನನ್ನಂತೂ ಅಲ್ಲ.
ದೂರದಲ್ಲಿ ಹೆಜ್ಜೆ ನಿಂತಿತು.
ಬಹಳ ಹೊತ್ತು ನಿಂತಿತು, ಅಕ್ಕ. ಅದನ್ನು ಮುಚ್ಚಿಡಬಾರದು.
ಸುಲಭಕ್ಕೆ ತಿರುಗಲಿಲ್ಲ ಅವನು.
ಹೆದ್ದಾರಿಯ ದೀಪ ಕಾಣುತ್ತಿತ್ತು.

ಆಮೇಲೆ ಹೊಟ್ಟೆಯ ಮೇಲೆ ತೆವಳಿ ಬಂದ,
ಲುಂಗಿ ಬಿಚ್ಚಿ ಹುರಿಮಾಡಿ ಎಸೆದ.
ಎಳೆಯುವಷ್ಟು ಹೊತ್ತೂ ಬೈದ, ಅಪ್ಪಟ ತುಳುವಿನಲ್ಲಿ,
ದೇವರ ಮಾತು ಒಂದೂ ಇಲ್ಲ.
ಜೀಪು ಬಂದಾಗ ಚಡ್ಡಿಯಲ್ಲಿ ನನ್ನ ಪಕ್ಕ ಕೂತು ಏದುತ್ತಿದ್ದ.
ಇವನೇ ನನ್ನನ್ನು ಎತ್ತಿದ್ದು ಎನ್ನಲು ಬಾಯಿ ತೆರೆದೆ.
ಬಾಯಿ ತುಂಬ ಕೆಸರು.
ತೊಳೆದ ಮೇಲೂ ಅನ್ನಲಿಲ್ಲ.

ಈ ಸಲ ಕಬ್ಬಿಣದ ಕಂಟೇನರು. ಜೂನ್ ಬಿಸಿಲು.
ಬೀಗ ನಾನೇ ಹಾಕಿದೆ.
ಒಂದು ದಿನ ಬಡಿತ ಕೇಳಿಸಿತು,
ಮರುದಿನ ಯಾವುದೋ ಕೀರ್ತನೆಯ ಒಂದೇ ಸಾಲು, ಮತ್ತೆ ಮತ್ತೆ,
ಮುಂದಿನ ಸಾಲು ಮರೆತವನ ಹಾಗೆ.
ಕೀಲಿಕೈ ನನ್ನ ಸೊಂಟದಲ್ಲೇ ಇತ್ತು.

ಪೊಲೀಸರ ಮುಂದೆ ಆಣೆಯಿಟ್ಟು ಹೇಳಿದೆ,
ಬಾಗಿಲು ತೆರೆದೇ ಇತ್ತು ಎಂದು.
ಈಗ ನೀವು ಬರೆದಿದ್ದೀರಿ, ಕುರ್‌ಆನ್ ಮುಟ್ಟಿ ನಿಜ ಹೇಳು ಎಂದು.
ಮುಟ್ಟುವುದಿಲ್ಲ. ಬಾಗಿಲು ತೆರೆದಿರಲಿಲ್ಲ.

ಪೆಟ್ಟಿಗೆ ಕಳಿಸಿದ್ದೇನೆ. ಬೈಬಲು, ಎರಡು ಅಂಗಿ, ಕನ್ನಡಕ,
ನಿಮಗೆಂದು ಕೊಂಡಿದ್ದ ಸೆಂಟು, ಅರ್ಧ ಆರಿಹೋಗಿದೆ.
ಲುಂಗಿ ಕಳಿಸಿಲ್ಲ.
ಎಷ್ಟು ಒಗೆದರೂ ಒಣಗಿದಾಗ
ಅಂಚಿನಲ್ಲಿ ಬಿಳಿ ಗೆರೆ ಮೂಡುತ್ತದೆ.
ಅದೊಂದನ್ನು ಕೇಳಬೇಡಿ.